ಸಾಫ್ಟ್‌ವೇರ್ ಅಗ್ಗ, ಬರೆಯುವ ಗಂಟೆ ದುಬಾರಿ

ಮುಂಬಯಿಯ ಟಿಸಿಎಸ್, ಅಂದರೆ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್, 2024ರ ಮಾರ್ಚ್ 31ರಂದು 6,01,546 ಜನರಿಗೆ ಸಂಬಳ ಕೊಡುತ್ತಿತ್ತು. ಆ ಆರ್ಥಿಕ ವರ್ಷದಲ್ಲಿ ಕಂಪನಿಯ ಆದಾಯ ₹2,40,893 ಕೋಟಿ. ಅದರಲ್ಲಿ ಸಿಬ್ಬಂದಿಗೆ ಹೋದದ್ದು ಸುಮಾರು ₹1.40 ಲಕ್ಷ ಕೋಟಿ, ಆದಾಯದ ಶೇ 58ರಷ್ಟು. ಕಾರ್ಖಾನೆಯಿಲ್ಲ, ಗೋದಾಮಿಲ್ಲ. ಮಾರುವುದೆಲ್ಲ ಜನರ ತಲೆಯಲ್ಲಿರುವ ತಿಳಿವಳಿಕೆ. ಆ ಜನ ಸುಮಾರು 55 ದೇಶಗಳಲ್ಲಿ ಹಂಚಿಹೋಗಿದ್ದಾರೆ.

ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಬೇಕಾದ ಹೊತ್ತಿಗೆ ಸಿಗಲಿ ಎಂದು ಇಂಥ ಕಂಪನಿಗಳು ಒಳಗೇ ಫೇಸ್‌ಬುಕ್, ವಿಕಿಪೀಡಿಯಾಗಳನ್ನು ಹೋಲುವ ಸಾಮಾಜಿಕ ತಂತ್ರಾಂಶ ನಡೆಸುತ್ತವೆ. ಟಿಸಿಎಸ್‌ನದು 'ನೋಮ್'. ಅಲ್ಲಿ ಪ್ರಶ್ನೆ ಕೇಳಬಹುದು, ಉತ್ತರ ಬರೆಯಬಹುದು, ಗುಂಪು ಕಟ್ಟಬಹುದು. ಇದಕ್ಕೆ ಎಷ್ಟು ಖರ್ಚಾಗುತ್ತದೆ, ಯಾವುದಕ್ಕೆ ಖರ್ಚಾಗುತ್ತದೆ, ಎಷ್ಟು ವಾಪಸು ಬರುತ್ತದೆ ಎಂಬ ಲೆಕ್ಕ ಇಲ್ಲಿದೆ. ಮೂಲ ಅಂಕಿಗಳು ಸಾರ್ವಜನಿಕ. ಅವುಗಳ ಮೇಲೆ ಕಟ್ಟಿದ ಅಂದಾಜು ನಮ್ಮದು.

ಒಂದು ಗಂಟೆಯ ಬೆಲೆ

ಮೊದಲು ಅಳತೆಗೋಲು ಗೊತ್ತುಮಾಡಿಕೊಳ್ಳೋಣ. ಸಿಬ್ಬಂದಿ ವೆಚ್ಚವನ್ನು ತಲೆಗೆ ಹಂಚಿದರೆ ವರ್ಷಕ್ಕೆ ಸುಮಾರು ₹23.3 ಲಕ್ಷ. ವರ್ಷಕ್ಕೆ 2,000 ಗಂಟೆ ಕೆಲಸ ಎಂದು ಹಿಡಿದರೆ ಗಂಟೆಗೆ ₹1,165. ಇದು ಅಮೆರಿಕ, ಯುರೋಪಿನಲ್ಲಿ ಡಾಲರ್, ಯೂರೋ ಎಣಿಸುವವರನ್ನೂ ಸೇರಿಸಿದ ಸರಾಸರಿ. ಅಂಧೇರಿಯ ಕಚೇರಿಗೆ ಮೊನ್ನೆ ಸೇರಿದ ಹುಡುಗನ ಗಂಟೆ ಇದರ ಕಾಲು ಭಾಗವೂ ಬಾಳಲಿಕ್ಕಿಲ್ಲ. ಆದರೂ ಇಡೀ ಕಂಪನಿಯ ಲೆಕ್ಕಕ್ಕೆ ಸರಾಸರಿ ಸಾಕು. ಮುಂದಿನ ಲೆಕ್ಕಗಳೆಲ್ಲ ಈ ₹1,165ರ ಮೇಲೆ ನಿಂತಿವೆ.

ಇನ್ನು ತಂತ್ರಾಂಶದ ಬೆಲೆ. ನೋಮ್ ಸ್ವಂತದ್ದಾದ್ದರಿಂದ ಅದಕ್ಕೆ ಮಾರುಕಟ್ಟೆ ಬೆಲೆಯಿಲ್ಲ. ಹೊರಗೆ ಕೊಂಡಿದ್ದರೆ ಎಷ್ಟಾಗುತ್ತಿತ್ತು ಎಂದು ನೋಡಬಹುದು. ಫೇಸ್‌ಬುಕ್ 2016ರ ಅಕ್ಟೋಬರಿನಲ್ಲಿ ಕಂಪನಿಗಳಿಗಾಗಿ 'ವರ್ಕ್‌ಪ್ಲೇಸ್' ಬಿಡುಗಡೆ ಮಾಡಿದಾಗ ಇಟ್ಟ ದರ ಹೀಗಿತ್ತು: ಮೊದಲ 1,000 ಬಳಕೆದಾರರಿಗೆ ತಲಾ ತಿಂಗಳಿಗೆ 3 ಡಾಲರ್, 10,000ದವರೆಗೆ 2 ಡಾಲರ್, ಅದರ ಮೇಲಿನವರಿಗೆ 1 ಡಾಲರ್. ಆ ದರದಲ್ಲಿ 6,01,546 ಜನರಿಗೆ ತಿಂಗಳಿಗೆ 6,12,546 ಡಾಲರ್. ಡಾಲರಿಗೆ ₹83ರಂತೆ ವರ್ಷಕ್ಕೆ ಸುಮಾರು ₹61 ಕೋಟಿ. ತಲೆಗೆ ₹1,014.

ಹಾಗಾಗಿ ಒಬ್ಬ ನೌಕರನ ಇಡೀ ವರ್ಷದ ಲೈಸೆನ್ಸು ಅವನ ಒಂದು ಗಂಟೆಯ ಬೆಲೆಗಿಂತ ಕಡಿಮೆ. ದುಬಾರಿಯದ್ದನ್ನೇ ಕೊಂಡರೂ ಚಿತ್ರ ಹೆಚ್ಚು ಬದಲಾಗುವುದಿಲ್ಲ. ಇಂಥದ್ದೇ ಇನ್ನೊಂದು ತಂತ್ರಾಂಶ 'ಸ್ಲ್ಯಾಕ್' 2022ರಲ್ಲಿ ತನ್ನ ಪ್ರೊ ದರ್ಜೆಯ ದರವನ್ನು ವಾರ್ಷಿಕ ಪಾವತಿಗೆ ತಿಂಗಳಿಗೆ 6.67 ಡಾಲರಿನಿಂದ 7.25 ಡಾಲರಿಗೆ ಏರಿಸಿತು. ವರ್ಷಕ್ಕೆ ತಲಾ ₹7,221. ಅದೂ ಆರು ಗಂಟೆ ಹನ್ನೆರಡು ನಿಮಿಷದ ಸಂಬಳ ಅಷ್ಟೇ. ಖರೀದಿ ವಿಭಾಗ ತಿಂಗಳುಗಟ್ಟಲೆ ಚೌಕಾಸಿ ಮಾಡುವುದು ಈ ಸಣ್ಣ ಮೊತ್ತದ ಮೇಲೆ.

500 ಪಟ್ಟು ಇಳಿದ ದಾರಿಖರ್ಚು

ಮಾಹಿತಿ ಸಾಗಿಸುವ ದಾರಿಖರ್ಚು ಯಾವಾಗಲೂ ಹೀಗೆ ಅಗ್ಗವಿರಲಿಲ್ಲ. ವಿಎಸ್‌ಎನ್‌ಎಲ್ ಎಂಬ ಸರ್ಕಾರಿ ದೂರಸಂಪರ್ಕ ಕಂಪನಿ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗ ವ್ಯಕ್ತಿಗಳಿಗೆ 250 ಗಂಟೆಗೆ ₹5,000 ಇತ್ತು. ಗಂಟೆಗೆ ₹20, ಫೋನ್ ಬಿಲ್ಲು ಬೇರೆ. ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಆ ವೇಗದಲ್ಲಿ ಒಂದು ಜಿಬಿ ಮಾಹಿತಿ ಇಳಿಸಲು, ಲೈನ್ ಒಮ್ಮೆಯೂ ಕಡಿಯದಿದ್ದರೆ, ಸುಮಾರು 249 ಗಂಟೆ ಬೇಕು. ಒಂದು ಜಿಬಿಗೆ ಇಡೀ ₹5,000 ಮುಗಿಯಿತು ಎಂದೇ ಅರ್ಥ.

ಕೇಂದ್ರ ಸರ್ಕಾರ ಕೊಡುವ ಲೆಕ್ಕದಂತೆ ಮೊಬೈಲ್ ಡೇಟಾ 2014ರಲ್ಲಿ ಜಿಬಿಗೆ ಸುಮಾರು ₹269 ಇತ್ತು. ಈಗ ₹10ರ ಆಸುಪಾಸು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಈ ಇಳಿತ ಚುರುಕಾಯಿತು. 1995ಕ್ಕೆ ಹೋಲಿಸಿದರೆ 500ರಲ್ಲಿ ಒಂದು ಪಾಲು. ದೇಶಕ್ಕೆ ಬರುವ 17 ಅಂತರರಾಷ್ಟ್ರೀಯ ಸಮುದ್ರ ಕೇಬಲ್‌ಗಳು 14 ಕೇಂದ್ರಗಳಲ್ಲಿ ದಡ ಸೇರುತ್ತವೆ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಎಣಿಸಿತ್ತು. ಆ ಕೇಂದ್ರಗಳಿರುವ ಐದು ನಗರಗಳಲ್ಲಿ ಮುಂಬಯಿ ಮುಖ್ಯವಾದದ್ದು. ವರ್ಸೋವಾದ ಕಡಲತೀರದಲ್ಲಿ ವಡಾಪಾವ್ ತಿನ್ನುವವರ ಕಾಲಡಿಯಲ್ಲೇ ನ್ಯೂಯಾರ್ಕಿನ ಪ್ರಶ್ನೆ, ಅಂಧೇರಿಯ ಉತ್ತರ ಓಡಾಡುತ್ತಿರುತ್ತವೆ.

ದಾರಿ 500 ಪಟ್ಟು ಅಗ್ಗವಾಯಿತು, ಇದೇ ಅವಧಿಯಲ್ಲಿ ಸಂಬಳ ಏರುತ್ತಲೇ ಹೋಯಿತು. 1995ರಲ್ಲಿ ಸಂದೇಶ ಕಳಿಸುವುದು ದುಬಾರಿ, ಅದನ್ನು ಬರೆಯುವವರ ಹೊತ್ತು ಅಗ್ಗ. ಈಗ ಕಳಿಸುವುದು ಬಿಟ್ಟಿ, ಬರೆಯುವ ಮತ್ತು ಓದುವ ಹೊತ್ತೇ ದುಬಾರಿ. ಬಹುತೇಕ ಕಂಪನಿಗಳ ಬಜೆಟ್ಟು ಮಾತ್ರ ಇನ್ನೂ ಹಳೆಯ ಲೆಕ್ಕದಲ್ಲೇ ಇದೆ: ಸರ್ವರಿಗೆ ಒಂದು ಸಾಲು, ಲೈಸೆನ್ಸಿಗೆ ಒಂದು ಸಾಲು, ಬರೆಯುವ ಹೊತ್ತಿಗೆ ಯಾವ ಸಾಲೂ ಇಲ್ಲ.

ಜನ ಐದು ಪಟ್ಟು, ಜೋಡಿ 29 ಪಟ್ಟು

ಟಿಸಿಎಸ್ ಶುರುವಾದದ್ದು 1968ರಲ್ಲಿ. ಮೊದಲ ದಶಕಗಳಲ್ಲಿ ಅದನ್ನು ಕಟ್ಟಿದವರು ಎಫ್.ಸಿ. ಕೊಹ್ಲಿ. ಕಂಪನಿ ನರಿಮನ್ ಪಾಯಿಂಟಿನ ನಿರ್ಮಲ್ ಕಟ್ಟಡದಲ್ಲಿ ಹಿಡಿಸುವಷ್ಟಿದ್ದ ಕಾಲದಲ್ಲಿ ಯಾರಿಗೆ ಏನು ಗೊತ್ತು ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು. ಆಮೇಲಿನ ಬೆಳವಣಿಗೆ ನೋಡಿ:

2008ರ ಮಾರ್ಚ್: 1,11,407 ಜನ
2012ರ ಮಾರ್ಚ್: 2,38,583
2014ರ ಮಾರ್ಚ್: 3,00,464
2020ರ ಮಾರ್ಚ್: 4,48,464
2022ರ ಮಾರ್ಚ್: 5,92,195
2024ರ ಮಾರ್ಚ್: 6,01,546

16 ವರ್ಷಗಳಲ್ಲಿ ಜನ 5.4 ಪಟ್ಟಾದರು. ಒಬ್ಬರಿಗೊಬ್ಬರು ಮಾತಾಡಬಹುದಾದ ಜೋಡಿಗಳನ್ನು ಎಣಿಸಿದರೆ ಬೆಳವಣಿಗೆ 29 ಪಟ್ಟು. ಇಬ್ಬರಿದ್ದರೆ ಒಂದು ಜೋಡಿ, ಹತ್ತು ಜನರಿದ್ದರೆ 45, ಆರು ಲಕ್ಷ ದಾಟಿದರೆ ಸುಮಾರು 18,093 ಕೋಟಿ. ಫೋನಿನಲ್ಲೋ ಇಮೇಲಿನಲ್ಲೋ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗುವ ಪದ್ಧತಿ ಇಲ್ಲಿಗೆ ಕೈಚೆಲ್ಲುತ್ತದೆ. ಎಲ್ಲರೂ ನೋಡುವ ಒಂದೇ ಕಡೆ ಬರೆದಿಟ್ಟರೆ ಬೇಕಾಗುವ ದಾರಿಗಳು ಆರು ಲಕ್ಷವೇ: ತಲೆಗೊಂದು.

ಈ ಕಷ್ಟವನ್ನು ಟಿಸಿಎಸ್ ಬೇಗನೇ ಗುರುತಿಸಿತ್ತು. 1990ರ ದಶಕದ ನಡುವಿನಲ್ಲಿ ಜ್ಞಾನ ನಿರ್ವಹಣೆಯ ಕೆಲಸ ಶುರುವಾಗಿ, 1998ರಲ್ಲಿ ಅದಕ್ಕೇ ಒಂದು ತಂಡವಾಯಿತು, ಮರುವರ್ಷ ಪ್ರಯೋಗ ನಡೆಯಿತು. 2002ರಲ್ಲಿ 'ಅಲ್ಟಿಮ್ಯಾಟಿಕ್ಸ್' ಬಂತು. ರಜಾ ಅರ್ಜಿಯಿಂದ ದಾಖಲೆಗಳವರೆಗೆ ಎಲ್ಲಕ್ಕೂ ಅದೇ ಬಾಗಿಲು. 2007ರಲ್ಲಿ 'ನೋಮ್ಯಾಕ್ಸ್', ಅದರ ನಂತರ 'ನೋಮ್'. ಮೊದಲಿನವು ಕಪಾಟುಗಳು: ಕಡತ ಇಡು, ಬೇಕಾದಾಗ ತೆಗೆ. ಪ್ರಶ್ನೆ ಕೇಳುವ, ಉತ್ತರಿಸಿದವರ ಹೆಸರು ಎದ್ದು ಕಾಣುವ ಸೌಕರ್ಯ ಹಂತಹಂತವಾಗಿ ಸೇರಿತು. ಕಡತ ಇಟ್ಟರೆ ಸಾಲದು, ಕಡತ ಬರೆದವರನ್ನೂ ಹುಡುಕುವಂತಿರಬೇಕು ಎಂಬುದು ಈ ಹಂತಗಳಲ್ಲಿ ಕಂಡುಕೊಂಡ ಪಾಠ.

ಗಡಿಯಾರದ ಲೆಕ್ಕ

ಫೋನ್ ಮಾಡಿ ಕೇಳಿದರೆ ಮುಗಿಯಿತಲ್ಲ ಎನ್ನಬಹುದು. ಗಡಿಯಾರ ಬಿಡುವುದಿಲ್ಲ. ಬೆಳಿಗ್ಗೆ 9ರಿಂದ ಸಂಜೆ 6 ಎಲ್ಲ ಕಡೆಯೂ ಕಚೇರಿ ಹೊತ್ತು ಎಂದಿಟ್ಟುಕೊಂಡರೆ, ಚಳಿಗಾಲದಲ್ಲಿ ಮುಂಬಯಿಯ ಜೊತೆ ಹೊಂದುವ ಹೊತ್ತು ಇಷ್ಟು:

ಟೋಕಿಯೊ: ಐದೂವರೆ ಗಂಟೆ
ಬುಡಾಪೆಸ್ಟ್: ನಾಲ್ಕೂವರೆ ಗಂಟೆ
ಲಂಡನ್: ಮೂರೂವರೆ ಗಂಟೆ
ಮಾಂಟೆವಿಡಿಯೊ: ಅರ್ಧ ಗಂಟೆ
ನ್ಯೂಯಾರ್ಕ್: ಸೊನ್ನೆ
ಸ್ಯಾನ್ ಫ್ರಾನ್ಸಿಸ್ಕೊ: ಸೊನ್ನೆ

ನ್ಯೂಯಾರ್ಕಿನಲ್ಲಿ ಕಚೇರಿ ತೆರೆಯುವಾಗ ಮುಂಬಯಿಯಲ್ಲಿ ರಾತ್ರಿ ಏಳೂವರೆ. ಅಂಧೇರಿಯಿಂದ ಹೊರಟವರು ವಿರಾರ್ ಫಾಸ್ಟ್‌ನಲ್ಲಿ ಒಂದು ಕೈಗೆ ಹಿಡಿಕೆ ಸಿಕ್ಕಿದ್ದೇ ಪುಣ್ಯ ಎಂದು ನಿಂತಿರುವ ಹೊತ್ತು. ಟಿಸಿಎಸ್ ಉರುಗ್ವೆಯ ಮಾಂಟೆವಿಡಿಯೊದಲ್ಲಿ 2002ರಲ್ಲೇ ಕೇಂದ್ರ ತೆರೆದದ್ದಕ್ಕೆ ಒಂದು ಕಾರಣ ಗಡಿಯಾರವೂ ಹೌದು. ಅಲ್ಲಿನ ಹಗಲು ಅಮೆರಿಕದ ಹಗಲಿಗೆ ಹತ್ತಿರ. ಆದರೆ ಅಮೆರಿಕಕ್ಕೆ ಹತ್ತಿರವಾದಷ್ಟೂ ಅದು ಮುಂಬಯಿಗೆ ದೂರ.

ಇದರ ಬೆಲೆ ಹೀಗೆ. ಐದು ಜನರ ತಂಡ ಒಂದು ಉತ್ತರಕ್ಕಾಗಿ ಒಂದು ದಿನ ಕಾದರೆ 40 ಗಂಟೆ, ₹46,600. ಪ್ರಶ್ನೆ ಅರ್ಥವಾಗದೆ ಮರುಪ್ರಶ್ನೆ ಬಂದರೆ ಇನ್ನೊಂದು ದಿನ. ಮೂರು ಸುತ್ತಿಗೆ ₹1.4 ಲಕ್ಷ. ಕಾಯುವಾಗ ತಂಡ ಬೇರೆ ಕೆಲಸ ಮಾಡಿಕೊಳ್ಳುತ್ತದೆ, ಆದ್ದರಿಂದ ಅರ್ಧವೇ ನಷ್ಟ ಎಂದುಕೊಂಡರೂ ₹70,000. ಅದೇ ಉತ್ತರ ಮೊದಲೇ ಎಲ್ಲೋ ಬರೆದಿದ್ದರೆ ಹುಡುಕಲು ಹತ್ತು ನಿಮಿಷ, ₹194.

ಒಂದು ಟಿಪ್ಪಣಿಯ ಜಮಾ-ಖರ್ಚು

ಈಗ ಒಂದೇ ಒಂದು ಟಿಪ್ಪಣಿಯನ್ನು ಹತ್ತಿರದಿಂದ ನೋಡೋಣ. ಬ್ಯಾಂಕೊಂದರ ಬಡ್ಡಿ ಲೆಕ್ಕದ ಪ್ರೋಗ್ರಾಂ ತಿಂಗಳ ಕೊನೆಯ ರಾತ್ರಿ ಅರ್ಧಕ್ಕೆ ನಿಂತಿತು ಎನ್ನಿ. ಶಿಫ್ಟಿನಲ್ಲಿದ್ದವರು ಎರಡು ತಾಸು ತಡಕಾಡಿ ಕಾರಣ ಕಂಡುಹಿಡಿದರು: ಹೊಸ ವರ್ಷದ ರಜಾಪಟ್ಟಿ ತುಂಬಿರಲಿಲ್ಲ. ಬೆಳಿಗ್ಗೆ ಅವರು ಎರಡು ಬಗೆಯಲ್ಲಿ ಬರೆಯಬಹುದು.

ಒಂದನೆಯದು: 'ರಾತ್ರಿಯ ಸಮಸ್ಯೆ ಬಗೆಹರಿದಿದೆ. ಎಲ್ಲರಿಗೂ ಧನ್ಯವಾದ.' ಬರೆಯಲು ಒಂದು ನಿಮಿಷ, ₹19. ಮುಂದೆ ಯಾರಿಗೂ ಉಪಯೋಗವಿಲ್ಲ.

ಎರಡನೆಯದು: 'ತಿಂಗಳ ಕೊನೆಯಲ್ಲಿ ಬಡ್ಡಿ ಲೆಕ್ಕ ಅರ್ಧಕ್ಕೆ ನಿಂತರೆ ಮೊದಲು ರಜಾಪಟ್ಟಿ ನೋಡಿ' ಎಂಬ ತಲೆಬರಹ. ಪರದೆಯ ಮೇಲೆ ಬಂದ ದೋಷದ ಸಂಖ್ಯೆ ಇದ್ದದ್ದು ಇದ್ದ ಹಾಗೆ. ಯಾವ ಆವೃತ್ತಿ, ಏನು ಕಾರಣ, ಮಾಡಿದ್ದೇನು, ಮಾಡಿ ಫಲ ಸಿಗದಿದ್ದದ್ದೇನು, ತಾರೀಖು, ಬರೆದವರ ಹೆಸರು. ಇದಕ್ಕೆ 45 ನಿಮಿಷ, ₹874.

ಎರಡನೆಯ ಟಿಪ್ಪಣಿ ಓದಿದ ಒಬ್ಬೊಬ್ಬರಿಗೂ 20 ನಿಮಿಷ ಉಳಿದರೆ ತಲಾ ₹388. ಮೂರನೆಯ ಓದುಗ ಬಂದಾಗ ಹಾಕಿದ ಹಣ ವಾಪಸು. ನೂರು ಜನ ಓದಿದರೆ ₹38,800. ಬರೆದದ್ದು ಒಂದೇ ಸಲ, ದುಡಿಯುವುದು ನೂರು ಸಲ. ಸಾಮಾಜಿಕ ತಂತ್ರಾಂಶದ ಇಡೀ ಲಾಭ ಇರುವುದು ಈ ಗುಣಾಕಾರದಲ್ಲಿ.

ಆದರೆ ಆ ಗುಣಾಕಾರ ಎರಡೂ ಕಡೆ ಕೊಯ್ಯುತ್ತದೆ. ಹಿರಿಯ ಅಧಿಕಾರಿಯೊಬ್ಬರು ಎಲ್ಲರಿಗೂ ಕಾಣುವಂತೆ ಒಂದು ಹಬ್ಬದ ಶುಭಾಶಯ ಹಾಕಿದರು ಎನ್ನಿ. ಒಬ್ಬೊಬ್ಬರು ಬರೀ ಹತ್ತು ಸೆಕೆಂಡು ಕಣ್ಣಾಡಿಸಿದರೂ 6,01,546 ಜನರದ್ದು ಸೇರಿ 1,671 ಗಂಟೆ. ಬೆಲೆ ₹19.5 ಲಕ್ಷ. ಸೌಹಾರ್ದಕ್ಕೆ ಬೆಲೆಯಿದೆ, ಶುಭಾಶಯ ಬೇಡವೆಂದಲ್ಲ. ಆದರೆ ಪುಕ್ಕಟೆ ಎಂದುಕೊಂಡು ಕಳಿಸುವುದು ಪುಕ್ಕಟೆಯಲ್ಲ.

ಸಂಘಗಳ ವಾಟ್ಸಾಪ್‌ಗೂ ಇದೇ ಗಣಿತ

ಮುಂಬಯಿಯ ಕನ್ನಡಿಗರಿಗೆ ಇದು ಕಾರ್ಪೊರೇಟ್ ಲೋಕದ ಕತೆ ಮಾತ್ರ ಅನಿಸಬೇಕಿಲ್ಲ. ಮಾಟುಂಗಾದ ಕರ್ನಾಟಕ ಸಂಘ, ಮೈಸೂರು ಅಸೋಸಿಯೇಷನ್, ಕುರ್ಲಾದ ಬಂಟರ ಸಂಘ, ಅಸಂಖ್ಯ ಜಾತಿ, ಊರು, ಭಜನಾ ಮಂಡಳಿಗಳು ಸೇರಿ ಇಲ್ಲಿನ ಸಂಘಜೀವನ ನಡೆಯುವುದು ಕೊಲಾಬಾದಿಂದ ವಿರಾರ್, ಕಲ್ಯಾಣದವರೆಗೆ ಚದುರಿದ ಸದಸ್ಯರಿಂದ. ಮಕ್ಕಳು ದುಬೈಯಲ್ಲೋ ನ್ಯೂಜೆರ್ಸಿಯಲ್ಲೋ ಇರುತ್ತಾರೆ. ವಿದ್ಯಾರ್ಥಿವೇತನದ ಅರ್ಜಿ, ಆಸ್ಪತ್ರೆಗೆ ರಕ್ತ, ನಾಟಕದ ರಿಹರ್ಸಲ್, ಊರಿಗೆ ಹೋಗುವ ರೈಲಿನ ಟಿಕೆಟ್, ಎಲ್ಲವೂ ವಾಟ್ಸಾಪ್ ಗ್ರೂಪಿನಲ್ಲೇ.

ವಾಟ್ಸಾಪ್ ಗ್ರೂಪಿನ ಮಿತಿ ಬಹುಕಾಲ 256 ಇತ್ತು. 2022ರಲ್ಲಿ ಮೊದಲು 512, ವರ್ಷದ ಕೊನೆಯಲ್ಲಿ 1,024 ಆಯಿತು. ತುಂಬಿದ ಗ್ರೂಪಿನಲ್ಲಿ ಎಲ್ಲರೂ ದಿನಕ್ಕೊಂದು 'ಶುಭೋದಯ' ಹಾಕಿದರೆ, ಬರುವ ಸಂದೇಶ 1,024. ಅವನ್ನು ಎಲ್ಲರೂ ನೋಡಿದರೆ ಒಟ್ಟು ನೋಟ 10,47,552. ಒಂದಕ್ಕೆ 5 ಸೆಕೆಂಡಿನಂತೆ ದಿನಕ್ಕೆ 1,455 ಗಂಟೆ. ಮಿತಿ ನಾಲ್ಕು ಪಟ್ಟಾದಾಗ ಓದುವ ಭಾರ 16 ಪಟ್ಟಾಯಿತು. ಈ ಗದ್ದಲದಲ್ಲಿ, ಯಾವ ದಾಖಲೆ ಇದ್ದರೆ ವಿದ್ಯಾರ್ಥಿವೇತನ ಸಿಗುತ್ತದೆ ಎಂದು ಹೋದ ವರ್ಷ ಯಾರೋ ಚೆನ್ನಾಗಿ ಬರೆದ ಸಂದೇಶ ಎಲ್ಲೋ ಮೇಲೆ ಹೂತುಹೋಗಿರುತ್ತದೆ. ಈ ವರ್ಷ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಹಿರಿಯರೇ ಟೈಪ್ ಮಾಡಬೇಕು.

ಹರಿದುಹೋಗುವ ಮಾತಿಗೆ ವಾಟ್ಸಾಪ್ ಸಾಕು. ಉಳಿಯಬೇಕಾದ ಮಾತಿಗೆ, ತಿದ್ದಬಹುದಾದ, ಹುಡುಕಿದರೆ ಸಿಗುವ ಒಂದು ಪುಟ ಬೇರೆಯೇ ಬೇಕು. ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿಯನ್ನು ತೆರೆದದ್ದು ಇದಕ್ಕಾಗಿಯೇ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಾದಲ್ಲಿ ಈಗ 30,000ಕ್ಕೂ ಹೆಚ್ಚು ಲೇಖನಗಳಿವೆ. ಬರೆದವರಿಗೆ ಯಾರೂ ಸಂಬಳ ಕೊಟ್ಟಿಲ್ಲ.

ನೂರಕ್ಕೆ ಒಬ್ಬರು

ಬರೆಯುವವರು ಎಷ್ಟು ಜನ? ಜಾಲತಾಣ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಜನಪ್ರಿಯಗೊಳಿಸಿದ ಒಂದು ಅಂದಾಜಿದೆ: ನೂರು ಜನರಲ್ಲಿ 90 ಮಂದಿ ಬರೀ ಓದುತ್ತಾರೆ, 9 ಮಂದಿ ಆಗೀಗ ಬರೆಯುತ್ತಾರೆ, ಒಬ್ಬರು ಹೆಚ್ಚಿನದನ್ನೆಲ್ಲ ಬರೆಯುತ್ತಾರೆ. ಇದು ನಿಯಮವಲ್ಲ, ಕಂಡುಬಂದ ರೂಢಿ. ಇಂಗ್ಲಿಷ್ ವಿಕಿಪೀಡಿಯಾದಲ್ಲಿ ನೋಂದಾಯಿತ ಖಾತೆಗಳು ನಾಲ್ಕೂವರೆ ಕೋಟಿಗೂ ಹೆಚ್ಚು. ತಿಂಗಳಲ್ಲಿ ಒಮ್ಮೆಯಾದರೂ ತಿದ್ದುವವರು ಒಂದು ಲಕ್ಷ ಚಿಲ್ಲರೆ. ಅಂದರೆ ಶೇ 0.25ರ ಆಸುಪಾಸು.

ಟಿಸಿಎಸ್ ಗಾತ್ರದ ಕಂಪನಿಗೆ ಈ ರೂಢಿ ಹಚ್ಚಿದರೆ ಸತತವಾಗಿ ಬರೆಯುವವರು ಸುಮಾರು 6,000. ಆಗೀಗ ಬರೆಯುವವರು 54,000. ಉಳಿದ 5.4 ಲಕ್ಷ ಜನ ಇವರ ಬರಹದ ಮೇಲೆ ನಿಂತವರು. ಸಾವಿರಾರು ಕೋಟಿಯ ಆಟ ನಿಂತಿರುವುದು ಇಷ್ಟು ಕಡಿಮೆ ಜನರ ಮೇಲೆ ಎಂದಾದರೆ ಅವರನ್ನು ಜೋಪಾನ ಮಾಡಬೇಕಲ್ಲವೇ? ಆಗುವುದು ತಿರುಗುಮುರುಗು. ಗಿರಾಕಿಯ ಬಿಲ್ಲಿಗೆ ಸೇರದ ಗಂಟೆ ಎಂದರೆ ಮ್ಯಾನೇಜರ್ ಕಣ್ಣಿಗೆ ವ್ಯರ್ಥ ಗಂಟೆ. ಟಿಪ್ಪಣಿ ಬರೆಯುವ 45 ನಿಮಿಷ ಟೈಮ್‌ಶೀಟಿನಲ್ಲಿ ಯಾವ ಕಾಲಮಿಗೂ ಹೊಂದುವುದಿಲ್ಲ. ಬರೆಯುವವರು ಊಟದ ಹೊತ್ತಿನಲ್ಲಿ, ಇಲ್ಲವೇ ಲೋಕಲ್ ರೈಲಿನಲ್ಲಿ ಸೀಟು ಸಿಕ್ಕಿದರೆ ಬರೆಯುತ್ತಾರೆ. ಸಿಗದಿದ್ದರೆ ಇಲ್ಲ.

ಬಾಗಿಲಿನಿಂದ ಹೊರಟ ಅನುಭವ

ಬರೆದಿಡದ ತಿಳಿವಳಿಕೆ ರಾಜೀನಾಮೆಯ ಜೊತೆ ಹೊರಟುಬಿಡುತ್ತದೆ. ಟಿಸಿಎಸ್‌ನ ಐಟಿ ಸೇವೆಗಳಲ್ಲಿ ಹಿಂದಿನ 12 ತಿಂಗಳಲ್ಲಿ ಬಿಟ್ಟುಹೋದವರ ಪ್ರಮಾಣ 2022ರ ಸೆಪ್ಟೆಂಬರ್ ಹೊತ್ತಿಗೆ ಶೇ 21.5ಕ್ಕೆ ಏರಿತ್ತು. 2024ರ ಮಾರ್ಚಿಗೆ ಶೇ 12.5ಕ್ಕೆ ಇಳಿಯಿತು. ಇಳಿದ ಪ್ರಮಾಣದಲ್ಲೂ ಆರು ಲಕ್ಷಕ್ಕೆ 75,000 ಜನ. ಬರೆಯುವ 6,000 ಜನರಲ್ಲೂ ಇದೇ ಪ್ರಮಾಣ ಎಂದರೆ ವರ್ಷಕ್ಕೆ 750 ಲೇಖಕರು ಖಾಲಿ. 2025ರ ಜುಲೈಯಲ್ಲಿ ಕಂಪನಿ ಶೇ 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಹುದ್ದೆ ಕಡಿತ ಪ್ರಕಟಿಸಿತು. ಹೆಚ್ಚಿನವು ಮಧ್ಯಮ, ಹಿರಿಯ ಹಂತದವು. ತಲಾ 15 ವರ್ಷದ ಅನುಭವ ಎಂದು ಹಿಡಿದರೆ 1.8 ಲಕ್ಷ ವರ್ಷಗಳ ಅನುಭವ ಹೊರಗೆ ನಡೆಯಿತು. ಅದರಲ್ಲಿ ಎಷ್ಟು ಬರಹಕ್ಕೆ ಇಳಿದಿದೆ ಎಂಬುದೇ ಪ್ರಶ್ನೆ.

ದೂರ ಕೂತು ಕೆಲಸ ಮಾಡಿದಾಗಲೂ ತಿಳಿವಳಿಕೆ ಹರಡುವುದು ಕುಗ್ಗುತ್ತದೆ. ಮೈಕ್ರೊಸಾಫ್ಟ್ ತನ್ನ 61,182 ಅಮೆರಿಕನ್ ನೌಕರರ 2020ರ ಮೊದಲ ಆರು ತಿಂಗಳ ಸಂಪರ್ಕ ದಾಖಲೆಗಳನ್ನು ಅಧ್ಯಯನ ಮಾಡಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಮನೆಯಿಂದ ಕೆಲಸ ಶುರುವಾದ ಮೇಲೆ ಬೇರೆ ಬೇರೆ ಗುಂಪುಗಳ ನಡುವಿನ ಸಹಯೋಗಕ್ಕೆ ಹೋಗುವ ಹೊತ್ತಿನ ಪಾಲು ಸುಮಾರು ಶೇ 25 ಇಳಿದಿತ್ತು. ತಂತ್ರಾಂಶ ಎಲ್ಲರ ಬಳಿ ಇತ್ತು, ಅದನ್ನು ಮಾಡಿದ ಕಂಪನಿಯೇ ಅದು. ಆದರೂ ಜನ ತಮ್ಮ ತಮ್ಮ ಗುಂಪಿನೊಳಗೇ ಮಾತಾಡಿಕೊಂಡರು.

ಗಳಿಕೆಯ ಅಂಕಿ

ಫಲವೇ ಇಲ್ಲವೆಂದಲ್ಲ. ಮೆಕಿನ್ಸೆಯ 2012ರ ವರದಿಯಂತೆ ತಿಳಿವಳಿಕೆಯ ಕೆಲಸ ಮಾಡುವ ನೌಕರರ ವಾರದಲ್ಲಿ ಸುಮಾರು ಶೇ 28 ಇಮೇಲಿಗೆ, ಶೇ 19 ಮಾಹಿತಿ ಹುಡುಕುವುದಕ್ಕೆ ಹೋಗುತ್ತದೆ. ವಾರಕ್ಕೆ 40 ಗಂಟೆಯಲ್ಲಿ ಅದು 11.2 ಮತ್ತು 7.6 ಗಂಟೆ. ಸಾಮಾಜಿಕ ತಂತ್ರಾಂಶವನ್ನು ಸರಿಯಾಗಿ ಬಳಸಿದರೆ ಉತ್ಪಾದಕತೆ ಶೇ 20ರಿಂದ 25 ಏರಬಹುದು ಎಂದು ಅದೇ ವರದಿ ಹೇಳಿತ್ತು. ಇದು ಸಲಹಾ ಕಂಪನಿಯ ಅಂದಾಜು, ತುಸು ಕಡಿಮೆ ಮಾಡಿಯೇ ನೋಡಬೇಕು.

ಹೆಚ್ಚು ಗಟ್ಟಿ ಉದಾಹರಣೆ ಫ್ರಾನ್ಸಿನ ಅಟೋಸ್. ವಿಕ್ರೋಲಿಯಲ್ಲಿ ದೊಡ್ಡ ಕಚೇರಿಯಿರುವ ಈ ಕಂಪನಿ 2011ರಲ್ಲಿ ಒಳಗಿನ ಇಮೇಲನ್ನೇ ನಿಲ್ಲಿಸುವುದಾಗಿ ಘೋಷಿಸಿತು. ಆಗ ಅದರಲ್ಲಿ ಸುಮಾರು 74,000 ಜನ. ಮರುವರ್ಷ 'ಬ್ಲೂಕಿವಿ' ಎಂಬ ಸಾಮಾಜಿಕ ತಂತ್ರಾಂಶದ ಕಂಪನಿಯನ್ನೇ ಕೊಂಡಿತು. ಇಮೇಲ್ ಸೊನ್ನೆಯಾಗಲಿಲ್ಲ. ಆದರೆ ವಾರಕ್ಕೆ ತಲಾ ಸರಾಸರಿ 100 ಇದ್ದದ್ದು 40ಕ್ಕಿಂತ ಕೆಳಗಿಳಿಯಿತು, ಶೇ 60 ಇಳಿತ. ಅಲ್ಲಿ ತಂತ್ರಾಂಶದ ಜೊತೆ ಮುಖ್ಯಸ್ಥ ತಿಯೆರಿ ಬ್ರೆತಾನ್ ಅವರ ಹಟವೂ ಇತ್ತು.

ಟಿಸಿಎಸ್ ಗಾತ್ರಕ್ಕೆ ಸಣ್ಣ ಗುರಿ ಇಟ್ಟು ನೋಡೋಣ: ಒಬ್ಬೊಬ್ಬರಿಗೆ ದಿನಕ್ಕೆ ಹತ್ತೇ ನಿಮಿಷ ಉಳಿಯಲಿ. ದಿನಕ್ಕೆ 1,00,258 ಗಂಟೆ, ₹11.7 ಕೋಟಿ. 240 ದಿನಕ್ಕೆ ಸುಮಾರು ₹2,800 ಕೋಟಿ. ಇದು ಪೂರ್ತಿ ನಗದಾಗಿ ಕೈಗೆ ಬರುವ ಹಣವಲ್ಲ. ಉಳಿದ ಹತ್ತು ನಿಮಿಷ ಚಹಾಕ್ಕೂ ಹೋಗಬಹುದು. ಆದರೂ ₹61 ಕೋಟಿ ಎದುರು ಇದರ ಅಳತೆ ಗೊತ್ತಾಗುತ್ತದೆ.

ಎರಡು ಅಪಾಯ

ಮೊದಲನೆಯದು, ಹಂಚಬಾರದ್ದನ್ನು ಹಂಚುವುದು. ಅಮೆರಿಕದ ಎಪಿಕ್ ಸಿಸ್ಟಮ್ಸ್ ತನ್ನ ಆಸ್ಪತ್ರೆ ತಂತ್ರಾಂಶದ ಗಿರಾಕಿಗಳಿಗೆಂದು ಇಟ್ಟ ದಾಖಲೆಗಳನ್ನು ಟಿಸಿಎಸ್ ನೌಕರರು ಅನುಮತಿಯಿಲ್ಲದೆ ಇಳಿಸಿಕೊಂಡರು ಎಂದು ದಾವೆ ಹೂಡಿತ್ತು. 2016ರಲ್ಲಿ ವಿಸ್ಕಾನ್ಸಿನ್‌ನ ಜ್ಯೂರಿ 94 ಕೋಟಿ ಡಾಲರ್ ಪರಿಹಾರ ಹೇಳಿತು. ತನಗೆ ಅದರಿಂದ ಲಾಭವಾಗಿಲ್ಲ ಎಂಬುದು ಟಿಸಿಎಸ್ ವಾದ. ಮೊತ್ತ ಮುಂದಿನ ಕೋರ್ಟ್ ತೀರ್ಪುಗಳಲ್ಲಿ ಇಳಿಯುತ್ತಾ 28 ಕೋಟಿ ಡಾಲರಿಗೆ ನಿಂತಿತು. 2023ರ ನವೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಇದಕ್ಕಾಗಿ ಕಂಪನಿ ಎರಡು ಕಂತುಗಳಲ್ಲಿ ತನ್ನ ಲೆಕ್ಕದಲ್ಲಿ ತೆಗೆದಿಟ್ಟದ್ದು ₹1,218 ಕೋಟಿ ಮತ್ತು ₹958 ಕೋಟಿ, ಒಟ್ಟು ₹2,176 ಕೋಟಿ. ನಮ್ಮ ₹61 ಕೋಟಿ ಲೆಕ್ಕದಲ್ಲಿ 35 ವರ್ಷಕ್ಕೂ ಮಿಕ್ಕಿದ ಲೈಸೆನ್ಸು. ಯಾರ ಕಡತ, ಯಾರು ನೋಡಬಹುದು ಎಂಬ ಬೇಲಿ ಎಷ್ಟು ಬೆಲೆಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಅಂಕಿ ಬೇಕಿಲ್ಲ.

ಎರಡನೆಯದು, ತಂತ್ರಾಂಶವೇ ಸಾಯುವುದು. ಮೈಕ್ರೊಸಾಫ್ಟ್ 2012ರಲ್ಲಿ 120 ಕೋಟಿ ಡಾಲರಿಗೆ ಕೊಂಡ 'ಯಾಮರ್' ಹೆಸರು ಈಗಿಲ್ಲ, ಅದು 'ವೀವಾ ಎಂಗೇಜ್'. ಸ್ಲ್ಯಾಕ್ 2021ರಲ್ಲಿ 2,770 ಕೋಟಿ ಡಾಲರಿಗೆ ಸೇಲ್ಸ್‌ಫೋರ್ಸ್ ಕೈಸೇರಿತು. ಮೇಲೆ ದರ ಹೇಳಿದ ವರ್ಕ್‌ಪ್ಲೇಸನ್ನು ಮುಚ್ಚುವುದಾಗಿ ಫೇಸ್‌ಬುಕ್ ಒಡೆಯ ಮೆಟಾ 2024ರ ಮೇಯಲ್ಲಿ ಪ್ರಕಟಿಸಿತು. ಮಾಮೂಲಿ ಬಳಕೆ 2025ರ ಆಗಸ್ಟ್ ಕೊನೆಯವರೆಗೆ ಮಾತ್ರ ಎಂದಿತು. ಅಗ್ಗದ ದರಕ್ಕೆ ಒಲಿದವರೆಲ್ಲ ವರ್ಷಗಳ ಬರಹ ಹೊತ್ತು ಬೇರೆ ಮನೆ ಹುಡುಕಬೇಕಾಯಿತು. ಬರೆದದ್ದನ್ನು ಸಲೀಸಾಗಿ ಹೊರತೆಗೆಯಲು ಬರುತ್ತದೆಯೇ ಎಂಬುದನ್ನು ಕೊಳ್ಳುವ ದಿನವೇ ಕೇಳಬೇಕು.

31 ಸೆಕೆಂಡಿನ ಲೆಕ್ಕ

ಈಗ ಕೊನೆಯ ಕೂಡಿಕೆ. ಬರೆಯುವ ಸಂಭವವಿರುವ ಶೇ 10 ಜನರಿಗೆ, ಅಂದರೆ ಸುಮಾರು 60,000 ಮಂದಿಗೆ, ತಿಂಗಳಿಗೆ ಒಂದು ಗಂಟೆಯನ್ನು ಬರೆಯುವುದಕ್ಕೆಂದೇ, ಟೈಮ್‌ಶೀಟಿನಲ್ಲಿ ಕೆಲಸ ಎಂದೇ ನಮೂದಿಸಿ ಕೊಟ್ಟರೆ ವರ್ಷಕ್ಕೆ 7.2 ಲಕ್ಷ ಗಂಟೆ, ₹84 ಕೋಟಿ. ಲೈಸೆನ್ಸಿನ ₹61 ಕೋಟಿ ಸೇರಿಸಿದರೆ ₹145 ಕೋಟಿ. ಸಿಬ್ಬಂದಿ ವೆಚ್ಚದ ಸಾವಿರದಲ್ಲಿ ಒಂದು ಪಾಲು. ಈ ಇಡೀ ಖರ್ಚು ವಾಪಸು ಬರಲು ಒಬ್ಬೊಬ್ಬ ನೌಕರನಿಗೆ ದಿನಕ್ಕೆ ಉಳಿಯಬೇಕಾದ ಹೊತ್ತು 31 ಸೆಕೆಂಡು.

ಯಂತ್ರಬುದ್ಧಿ ಬಂದಿದೆ, ಇನ್ನು ಬರೆಯುವುದೇಕೆ ಎನ್ನುವವರಿದ್ದಾರೆ. ಯಂತ್ರ ಹುಡುಕಿ ಕೊಡುವುದು ಯಾರೋ ಬರೆದಿಟ್ಟದ್ದನ್ನು. ರಜಾಪಟ್ಟಿಯ ಆ ಟಿಪ್ಪಣಿ ಇಲ್ಲದಿದ್ದರೆ ಯಾವ ಯಂತ್ರವೂ ಅದನ್ನು ಆ ರಾತ್ರಿ ಹುಟ್ಟಿಸಿಕೊಡಲಾರದು.

ಕಂಪನಿಯಿರಲಿ, ಸಂಘವಿರಲಿ, ಮುಂದಿನ ಬಜೆಟ್ ಬರೆಯುವವರು ತಂತ್ರಾಂಶದ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಲಿ: ಬರೆಯುವವರ ಹೊತ್ತು, ಇಷ್ಟು ಗಂಟೆ, ಇಷ್ಟು ರೂಪಾಯಿ. ಆ ಸಾಲು ಖಾಲಿಯಿದ್ದರೆ ಮೇಲಿನ ಸಾಲಿನ ಹಣ ದಂಡ.